ಯಜಮಾನಿಯ ಸ್ವೆಟರಿಗೆ ನಾನು ಹಾಕಿದ ಕುಣಿಕೆಗಳು

ಬೇರೆಯವರು ಕಡ್ಡಿ ಹಿಡಿದರೆ ಸ್ವೆಟರ್ ಆಗುತ್ತದೆ. ನಾನು ಹಿಡಿದರೆ ಮೊದಲು ಏನಾದರೊಂದು ಪ್ರಸಂಗ ಆಗುತ್ತದೆ, ಸ್ವೆಟರ್ ಆಮೇಲೆ. ಏನು ಮಾಡೋದು, ನನ್ನ ಕೈಗುಣವೇ ಅಂಥದ್ದು.

ನಾನು ಇಸ್ಕೂಲಿನ ಮುಖ ನೋಡಿದವನಲ್ಲ; ಅಕ್ಷರ ಕಲಿತದ್ದು ಮುಂದೆ ಹೋಗುವ ಲಾರಿಗಳ ಬೆನ್ನು ಓದಿ ಓದಿ. ನಾನು ಲಾರಿ ಬಿಟ್ಟು ರಾಜಾನುಕುಂಟೆಯ ಮನೆಯಲ್ಲಿ ಕೂತಾಗ ಏರ್‌ಪೋರ್ಟ್ ಹೊಸದಾಗಿ ಶುರುವಾಗಿತ್ತು. ಮಂಜು ಇಳಿದ ಬೆಳಗಿನಲ್ಲಿ ವಿಮಾನ ಕಾಣುತ್ತಿರಲಿಲ್ಲ, ಸದ್ದು ಮಾತ್ರ ತಲೆ ಮೇಲೆ ಉರುಳಿಕೊಂಡು ಹೋಗುತ್ತಿತ್ತು. ಜಗಲಿಯಲ್ಲಿ ಕನಕಾಂಬರ ಕಟ್ಟುತ್ತಿದ್ದ ನಮ್ಮ ಯಜಮಾನಿ ಚಳಿಗೆ ನಡುಗುತ್ತಿದ್ದಳು. ನೋಡಲಾರದೆ ಬೀದಿಗೇ ಕೇಳುವ ಹಾಗೆ ಹೇಳಿಬಿಟ್ಟೆ: "ಈ ಸಂಕ್ರಾಂತಿಗೆ ನಿಂಗೆ ನನ್ನ ಕೈಯಾರೆ ಸ್ವೆಟರ್!"

"ನಿಮ್ ಮಾತ್ನೇ ಹೊದ್ಕಳಂಗಿದ್ದಿದ್ರೆ ನಂಗೆ ಚಳೀನೇ ಆಗ್ತಿರ್ಲಿಲ್ಲ," ಅಂದಳು. "ಸರಿ, ಹೆಣೆದು ಕೊಡಿ. ಅದ್ನೇ ಆಕ್ಕಂಡು ಬೀದಿಗೆಲ್ಲ ಎಳ್ಳು ಬೀರ್ತೀನಿ. ಆಗ್ಲಿಲ್ವಾ, ಆ ಚಿರತೆ ಕತೆ ಇನ್ಮೇಲೆ ಯೋಳಂಗಿಲ್ಲ."

ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಚಳಿ ತಡೆಯಲಾರದೆ ಒಂದು ಚಿರತೆ ನನ್ನ ಲಾರಿಯ ಕ್ಯಾಬಿನ್ ಹತ್ತಿ ಕೂತದ್ದು, ನಾನು ಅದಕ್ಕೆ ಟವೆಲ್ ಹೊದಿಸಿ ನಂದಿಬೆಟ್ಟದ ಬುಡದಲ್ಲಿ ಇಳಿಸಿಬಂದದ್ದು, ಆ ಕತೆ. ಅದನ್ನು ಹೇಳದೆ ನಾನು ಬದುಕೋದಾದರೂ ಹೇಗೆ?

ಮಹಡಿ ಮನೆಯ ಬಾಡಿಗೆಯವರು, ಬೆಳಗಾವಿ ಕಡೆಯ ಕಾಲೇಜು ಮೇಡಂ, ಕಡ್ಡಿ ಹಿಡಿಯೋದು ಕಲಿಸಿದರು. ಸೀದಾ ಸಾಲು, ಉಲ್ಟಾ ಸಾಲು, ಎರಡನ್ನೂ ಒಂದೇ ಬೆಳಗಿನಲ್ಲಿ ಕಲಿತೆ. ಅಷ್ಟು ಬೇಗ ಕಲಿತ ಗಂಡಸು ಯಲಹಂಕದಿಂದಾಚೆಗೆ ಇನ್ನೊಬ್ಬನಿಲ್ಲ.

ಉರುಳಿದ ಉಂಡೆ

ದಾರದ ಉಂಡೆಯನ್ನು ಒಂದು ಚೊಂಬಿನೊಳಗೆ ಇಟ್ಟುಕೊಂಡೇ ಹೆಣೆಯಿರಿ. ಇದು ನನಗೆ ಗೊತ್ತಾದದ್ದು ರೈಲಿನಲ್ಲಿ.

ಯಶವಂತಪುರಕ್ಕೆ ಹೋಗುವ ಪ್ಯಾಸೆಂಜರಿನ ಬಾಗಿಲಲ್ಲಿ ಕೂತು ಬೆನ್ನಿನ ಭಾಗ ಹೆಣೆಯುತ್ತಿದ್ದೆ. ಕೆಂಪು ಉಲ್ಲನ್ ಉಂಡೆ ಮಡಿಲಿಂದ ಜಾರಿ ಹೊರಗೆ ಬಿತ್ತು. ರೈಲು ಓಡುತ್ತಿದೆ, ದಾರ ಬಿಚ್ಚಿಕೊಳ್ಳುತ್ತಿದೆ. ಮಂಜಿನೊಳಗೆ, ರಾಗಿ ಹೊಲಗಳ ಪಕ್ಕ, ಯಾರೋ ಕುಂಕುಮದಲ್ಲಿ ಗೆರೆ ಎಳೆದ ಹಾಗೆ. ಎಷ್ಟು ಚೆಂದ ಇತ್ತೆಂದರೆ ಚೈನು ಎಳೆಯೋದೇ ಮರೆತುಹೋಯಿತು. ಯಲಹಂಕದಲ್ಲಿ ಇಳಿದು, ದಾರ ಸುತ್ತಿಕೊಳ್ಳುತ್ತಾ ಹಳಿ ಪಕ್ಕದಲ್ಲೇ ವಾಪಸು ನಡೆದೆ. ನಡುವೆ ಹರಿಯಲಿಲ್ಲವಾ ಅಂತ ಕೇಳಬೇಡಿ. ನಾನು ಹಿಡಿದ ದಾರ ಹರಿಯೋದಿಲ್ಲ.

ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಅಡ್ಡ ನಿಂತ. "ಏನ್ ತಾತಾ, ಗಾಳಿಪಟಾನಾ?"

"ಅಲ್ಲಪ್ಪಾ, ನಮ್ಮ ಯಜಮಾನಿಗೆ ಸ್ವೆಟರ್."

ಅವನು ದಾರ ಬಂದ ದಿಕ್ಕು ನೋಡಿದ, ಹೋಗುವ ದಿಕ್ಕು ನೋಡಿದ. "ಅಮ್ಮಾವ್ರು ಅಷ್ಟು ದಪ್ಪಾನಾ?"

ಕೈಯೋ ಕಾಲೋ

ಬಲಗೈ ತೋಳನ್ನು ಯಲಹಂಕ ಕೆರೆ ಏರಿಯ ಕಲ್ಲುಬೆಂಚಿನ ಮೇಲೆ ಹೆಣೆದೆ. ಸುತ್ತ ವಾಕಿಂಗ್ ಮುಗಿಸಿದವರು, ನೀರಿನ ಮೇಲೆ ಬೆಳ್ಳಕ್ಕಿ, ನನ್ನ ಬಾಯಲ್ಲಿ ಚಿರತೆ. ಎಡಗೈ ತೋಳನ್ನು ಹೆಬ್ಬಾಳದ ಫ್ಲೈಓವರ್ ಮೇಲೆ, ನಿಂತೇಬಿಟ್ಟ ಬಸ್ಸಿನಲ್ಲಿ, ಮುಂದಿನ ಕಾರುಗಳನ್ನು ಬೈಯುತ್ತಾ ಹೆಣೆದೆ. ಎರಡಕ್ಕೂ ಕುಣಿಕೆ ಅಷ್ಟೇ, ಸಾಲೂ ಅಷ್ಟೇ.

ಮೇಡಂ ಅವನ್ನು ಅಕ್ಕಪಕ್ಕ ಹಾಸಿ ನೋಡಿದರು. "ಅಜ್ಜಾರ, ಇದು ಅಮ್ಮಾರ ಕೈ ಅಂತ ತಿಳೀತು. ಆ ಉದ್ದಂದು ಯಾರ ಕಾಲರೀ?"

ಆಮೇಲೆ ಬಿಡಿಸಿ ಹೇಳಿದರು. ಸಿಟ್ಟು ಬಂದರೆ ಕೈ ಬಿಗಿಯಾಗಿ ಕುಣಿಕೆ ಸಣ್ಣದಾಗುತ್ತದಂತೆ. ಮನಸ್ಸು ಕತೆಯ ಹಿಂದೆ ಹೋದರೆ ಕೈ ಸಡಿಲವಾಗಿ ಕುಣಿಕೆ ದೊಡ್ಡದಾಗುತ್ತದಂತೆ. "ಎರಡೂ ತೋಳು ಒಂದ ಕಡ್ಡಿ ಮ್ಯಾಲೆ ಹಾಕ್ಕೊಳ್ರಿ, ಎರಡು ಉಂಡಿ ಇಟ್ಕೊಂಡು ಒಟ್ಟಿಗೆ ಹೆಣೀರಿ. ಸಮ ಬರ್ತಾವ."

ಬಿಚ್ಚಿದ ದಾರ ಶಾವಿಗೆಯ ಹಾಗೆ ಸುರುಳಿಯಾಗಿತ್ತು. ನೀರಿಗೆ ಅದ್ದಿ, ಹಗ್ಗದ ಮೇಲೆ ಇಳಿಬಿಟ್ಟು ಒಣಗಿಸಿ ನೆಟ್ಟಗೆ ಮಾಡಿಕೊಂಡೆ. ಮತ್ತೆ ಕೆರೆ ಏರಿಗೆ ಹೋಗಿ, ಮೇಡಂ ಹೇಳಿದ ಹಾಗೆ ಎರಡನ್ನೂ ಒಟ್ಟಿಗೇ ಹೆಣೆದೆ. ಅವರ ಮಾತು ಸುಳ್ಳಾಗಲಿಲ್ಲ. ಎರಡೂ ಸಮ ಬಂದವು.

ಎರಡೂ ಮಂಡಿವರೆಗೆ.

ಬಾಯಿ ಮುಚ್ಚಿ ಹೆಣೆದದ್ದು

"ಇನ್ಮೇಲೆ ಕಡ್ಡಿ ಕೈಲಿದ್ದಾಗ ಬಾಯಿ ಬಿಡಂಗಿಲ್ಲ," ಅಂದಳು ಯಜಮಾನಿ. ಸಂಕ್ರಾಂತಿ ಹತ್ತಿರ ಬಂದಿತ್ತು. ಒಪ್ಪಿಕೊಂಡೆ.

ಜಗಲಿಯ ಆ ತುದಿಯಲ್ಲಿ ಅವಳು ಹೂವು ಕಟ್ಟುತ್ತಾಳೆ, ಈ ತುದಿಯಲ್ಲಿ ನಾನು ಕುಣಿಕೆ ಹಾಕುತ್ತೇನೆ. ಮಂಜಿನಲ್ಲಿ ರೈಲು ಕೂಗುತ್ತದೆ, ವಿಮಾನ ಗುಡುಗುತ್ತದೆ, ಎರಡೂ ಕಾಣೋದಿಲ್ಲ. ಅವಳ ದಾರ ಎಲ್ಲಿ ಮುಗಿಯಿತು, ನನ್ನದು ಎಲ್ಲಿ ಶುರುವಾಯಿತು ತಿಳಿಯದ ಹಾಗೆ ಬೆಳಗು ಕಳೆಯುತ್ತಿತ್ತು. ಒಂದು ದಿನ ಆ ಚಿರತೆಯೇ ಬಂದು ಗೇಟಿನ ಹತ್ತಿರ ಕೂತು ನನ್ನ ಬಾಯನ್ನೇ ನೋಡಿತು. ಇದು ಸತ್ಯ. ಆದರೂ ನಾನು ತುಟಿ ಬಿಚ್ಚಲಿಲ್ಲ.

ಈ ಸಲ ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತವು. ಕೊನೆಗೆ ಕುತ್ತಿಗೆ ಪಟ್ಟಿ ಹೆಣೆದು, ಹಲ್ಲು ಕಚ್ಚಿಕೊಂಡು ಕುಣಿಕೆಗಳನ್ನೆಲ್ಲ ಮುಚ್ಚಿದೆ.

ಸಂಕ್ರಾಂತಿ ದಿನ ಬೀದಿಯ ಹೆಂಗಸರೆಲ್ಲ ಎಳ್ಳಿನ ತಟ್ಟೆ ಹಿಡಿದು ನಮ್ಮ ಜಗಲಿಗೇ ಬಂದರು. ಯಜಮಾನಿ ಕೈ ತೂರಿಸಿದಳು, ಸರಿಹೋಯಿತು. ತಲೆ ತೂರಿಸಿದಳು, ಅಲ್ಲೇ ನಿಂತಿತು. ಅವಳು ಎಳೆದಳು, ಮೇಡಂ ಎಳೆದರು, ಎದುರು ಮನೆಯವರು ಎಳೆದರು. ತಲೆ ಆಚೆ ಬರಲೊಲ್ಲದು. ಮುಗೀತು, ನನ್ನ ಚಿರತೆ ಕಾಡಿಗೆ ಹೋಯಿತು ಅಂದುಕೊಂಡೆ.

ಆಗ ಸ್ವೆಟರಿನ ಒಳಗಿಂದ ದನಿ ಬಂತು: "ರೀ... ಕುತ್ತಿಗೆ ಮುಚ್ಚೋವಾಗ ಒಂದ್ ಸುಳ್ಳಾದ್ರೂ ಯೋಳ್ಬಾರ್ದಾಗಿತ್ತಾ?"

ಬೀದಿಯೇ ನಕ್ಕಿತು. ಮೇಡಂ ಮಹಡಿಗೆ ಓಡಿ ದಪ್ಪ ಕಡ್ಡಿ ತಂದರು. "ಮುಚ್ಚಿದ ಸಾಲು ಅಷ್ಟ ಬಿಚ್ರಿ ಅಜ್ಜಾರ. ಇದರಾಗ ಮತ್ತ ಸಡಿಲಾಗಿ ಮುಚ್ರಿ." ಯಜಮಾನಿ ಸ್ವೆಟರ್ ಕಳಚಿ ನನ್ನ ಕೈಗೆ ಕೊಟ್ಟು, ಕೆದರಿದ ಕೂದಲಲ್ಲೇ ಎದುರಿಗೆ ಕೂತಳು.

"ಊಂ, ಶುರು ಮಾಡಿ. ಚಿರತೆ."

ತಟ್ಟೆಗಳೆಲ್ಲ ಕೆಳಗಿಳಿದವು. ನಾನು ಶುರು ಮಾಡಿದೆ. ಒಂದೊಂದೇ ಕುಣಿಕೆ ಮುಚ್ಚುತ್ತಾ ಹೋದಂತೆ ಚಿರತೆ ಲಾರಿ ಹತ್ತಿತು, ಹಿಂದೆಯೇ ಅದರ ಮರಿಗಳೂ ಹತ್ತಿದವು, ಬಾಲ ಇನ್ನೂ ಯಲಹಂಕದಲ್ಲಿರುವಾಗಲೇ ಮೀಸೆ ಹೋಗಿ ನಂದಿಬೆಟ್ಟಕ್ಕೆ ತಾಗಿತು...

ಯಜಮಾನಿ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡಳು. "ಸಾಕು ಸಾಕು! ಚಿರತೇನ ಒಸಿ ಸಣ್ಣದು ಮಾಡಿ, ಸ್ವೆಟರ್ ಭುಜದಿಂದ ಜಾರೋಯ್ತದೆ!"