ಆರು ಗಂಟೆಯೊಳಗೆ ಕೆಡಬೇಕಾದ ಕಾರು

ಬೆಳಿಗ್ಗೆ ಚಹಾ ಕುಡಿಯುವಾಗ ಸಂಗನಬಸವನ ಮೊಬೈಲಿಗೆ ಕಾರು ಕಂಪನಿಯಿಂದ ಸಂದೇಶ ಬಂತು. ‘ಪ್ರಿಯ ಗ್ರಾಹಕರೇ, ನಿಮ್ಮ ವಾರಂಟಿ ಇಂದು ಸಂಜೆ ಆರಕ್ಕೆ ಮುಗಿಯುತ್ತದೆ. ನಿಮ್ಮ ಸಂತೋಷದ ಪಯಣ ಮುಂದುವರಿಯಲಿ.’ ಸಂತೋಷದ ಪಯಣ ಎಂಬಲ್ಲಿಗೆ ಬಂದಾಗ ಚಹಾ ನೆತ್ತಿಗೇರಿತು.

ತಿಕೋಟಾದ ಈ ಒಣದ್ರಾಕ್ಷಿ ವ್ಯಾಪಾರಿ ಎರಡು ವರ್ಷದ ಹಿಂದೆ ‘ಎಲ್ಲರ ಕೈಗೆಟಕುವ ಸ್ಪೋರ್ಟ್ಸ್ ಕಾರು’ ಎಂಬ ಜಾಹೀರಾತಿಗೆ ಮರುಳಾದವನು. ಎರಡೇ ಬಾಗಿಲು, ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಹದಿನೈದು ಕಿಲೋಮೀಟರು ಓಡಿದರೆ ಸಾಕು, ತಟಕ್ಕನೆ ಬಂದ್ ಬೀಳುತ್ತಿತ್ತು. ಊರ ಮಂದಿ ಬಂದು ದೂಡಿ ಬದಿಗೆ ಹಚ್ಚಬೇಕು. ಟ್ರ್ಯಾಕ್ಟರಿಗೆ ಕಟ್ಟಿ ವಿಜಯಪುರದ ಅಥಣಿ ರಸ್ತೆಯ ವರ್ಕ್‌ಶಾಪಿಗೆ ಎಳೆದುಕೊಂಡು ಹೋದರೆ, ಅಲ್ಲಿಯ ಗೇಟು ಕಂಡ ಕೂಡಲೇ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತಿತ್ತು. ಇಂಥ ದ್ರೋಹವನ್ನು ಹೆತ್ತ ಮಗನೂ ಮಾಡಲಾರ.

ವರ್ಕ್‌ಶಾಪಿನ ಮ್ಯಾನೇಜರ್ ರಾಹುಲ ಪ್ರತಿಸಲವೂ ಕಂಪ್ಯೂಟರು ಹಚ್ಚಿ ನೋಡಿ ಒಂದೇ ಮಾತು ಹೇಳುತ್ತಿದ್ದ. “ಏನೂ ದೋಷ ಇಲ್ಲರಿ. ನನ್ನ ಕಣ್ಮುಂದ ಒಮ್ಮಿ ಬಂದ್ ಬೀಳ್ಲಿ, ಕೆಟ್ಟಿದ್ದೆಲ್ಲಾ ಪುಕ್ಕಟ ಬದಲಿ ಮಾಡಿ ಕೊಡ್ತೀನಿ.”

ಇವತ್ತು ಕಡೆಯ ದಿನ. ಆರು ಗಂಟೆಯೊಳಗೆ ಕಾರು ಆ ರಾಹುಲನ ಕಣ್ಣ ಮುಂದೆ ಕೆಡಲೇಬೇಕು. ಇಲ್ಲದಿದ್ದರೆ ಈ ಕೆಂಪು ಪೀಡೆ ಜೀವನಪರ್ಯಂತ ಸಂಗನಬಸವನ ಕೊರಳಿಗೇ ಬೀಳುತ್ತದೆ.

ಹೊರಡುವಾಗ ತಾಯಿ ಮುರಿಗೆವ್ವ ಬಾನೆಟ್ಟಿಗೆ ಕುಂಕುಮ ಹಚ್ಚಿದಳು. “ಚಿಂತಿ ಮಾಡಬ್ಯಾಡಪ್ಪಾ. ಇವತ್ತ ಗಾಡಿ ಎಲ್ಲೂ ನಿಂದ್ರಂಗಿಲ್ಲ.”

“ಯವ್ವಾ, ಇವತ್ತೊಂದಿನ ನಿಂದ್ರಲಿ ಅಂತ ಬೇಡ್ಕೋ ಬೇ!”

“ಹುಚ್ಚ ಹಿಡದೈತೇನ ನಿನಗ? ಯಾರರ ಹಂಗ ಬೇಡ್ಕೋತಾರೇನು?”

ಅಷ್ಟರಲ್ಲಿ ಪಕ್ಕದ ಮನೆಯ ಶಿವಯೋಗೆಪ್ಪ, ರಿಟೈರಾದ ಬಸ್ ಕಂಡಕ್ಟರ್, ಯಾರೂ ಕರೆಯದೆಯೇ ಹಿಂದಿನ ಸೀಟಿಗೆ ತೂರಿಕೊಂಡ. ಕೈಚೀಲ ಇಡುವುದಕ್ಕೆಂದೇ ಮಾಡಿದಂತಿದ್ದ ಆ ಸೀಟಿನಲ್ಲಿ ಅವನ ಮೊಣಕಾಲು ಕಿವಿಗೆ ಬಂದವು. “ಸಾಕ್ಷಿ ಬೇಕಾಗ್ತದೋ ತಮ್ಮಾ. ಈ ಗಾಡಿ ದೂಡಿ ದೂಡಿ ನನ್ನ ಸೊಂಟ ಹೋಗೈತಿ. ಡಾಕ್ಟರ ಚೀಟಿನೂ ತಂದೇನಿ.”

ಕಾರು ಹೊರಟಿತು. ಹದಿನೈದನೆಯ ಕಿಲೋಮೀಟರು ಬಂದಾಗ ಸಂಗನಬಸವ ಆಸೆಯಿಂದ ಉಸಿರು ಬಿಗಿಹಿಡಿದ. ಏನೂ ಆಗಲಿಲ್ಲ. ಬೆಣ್ಣೆಯಲ್ಲಿ ಕೂದಲೆಳೆದಂತೆ ವರ್ಕ್‌ಶಾಪ್ ಮುಟ್ಟಿತು. ಅಲ್ಲಿ ರಾಹುಲನಿಗೆ ಪುರಸೊತ್ತಿಲ್ಲ. ಕಾದು ಕಾದು, ಮೂರು ಗಂಟೆಗೆ ಅವನ ಕೈಕಾಲು ಹಿಡಿದು ಕಾರಿನಲ್ಲಿ ಕೂಡಿಸಿಕೊಂಡು, ಮತ್ತೆ ತಿಕೋಟಾದ ಕಡೆಗೇ ಹೊರಟದ್ದಾಯಿತು.

ಸಂಗನಬಸವ ಎಸಿ ಪೂರಾ ಬಿಟ್ಟ. ಹಾಡು ಹಚ್ಚಿದ. ಹಗಲಿನಲ್ಲಿ ದೀಪ ಉರಿಸಿದ. ಸುಡುವ ಬಿಸಿಲಿನಲ್ಲಿ ವೈಪರ್ ಆಡಿಸಿದ. ಕಂಡ ಕಂಡ ರಸ್ತೆಯುಬ್ಬಿನ ಮೇಲೆ ಬೇಕಂತಲೇ ಹಾರಿಸಿದ. ಹಿಂದೆ ಶಿವಯೋಗೆಪ್ಪನ ತಲೆ ಮೇಲಕ್ಕೆ ಬಡಿಯಿತೇ ಹೊರತು ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ.

ತಿಕೋಟಾ ಬಸ್‌ಸ್ಟ್ಯಾಂಡಿನ ಹತ್ತಿರ ಬಂದಾಗ ಚಹಾದಂಗಡಿಯಿಂದ ನಾಲ್ಕೈದು ಮಂದಿ ಅಂಗಿಯ ತೋಳು ಏರಿಸಿಕೊಂಡು ಓಡಿ ಬಂದರು. ರಾಹುಲ ಗಾಬರಿಯಾದ. “ಯಾಕ್ರಿ, ಇವ್ರು ನಮ್ಮನ್ನ ಹೊಡಿಯಾಕ ಬರಾಕತ್ತಾರೇನು?”

“ಅಲ್ರಿ ಸರ್, ದೂಡಾಕ! ಕೆಂಪ ಗಾಡಿ ಕಂಡ್ರ ಇವ್ರಿಗೆ ರೂಢಿ ಆಗೈತಿ. ಇವ್ರನ್ನ ಕೇಳ್ರಿ ಬೇಕಾದ್ರ, ಎಲ್ಲಾರೂ ಸಾಕ್ಷಿ!”

“ಸಾಕ್ಷಿ ನಡಿಯಂಗಿಲ್ಲರಿ. ನನ್ನ ಕಣ್ಣಿಗೆ ಕಾಣಬೇಕು.”

ಕಾರು ನಿಲ್ಲದೆ ಮುಂದೆ ಹೋದದ್ದು ನೋಡಿ ಓಡಿ ಬಂದವರಿಗೆ ಸಿಟ್ಟು ಬಂತು. “ಏ ಸಂಗಣ್ಣಾ, ನಿಂದ್ರಲೇ! ಅರ್ಧಾ ಚಾ ಬಿಟ್ಟ ಬಂದೀವಿ!” ಎಂದು ಒಬ್ಬ ಕೂಗಿದ.

ಕಾರು ಬಬಲೇಶ್ವರದ ರಸ್ತೆಗೆ ಹೊರಳಿತು. ಗಂಟೆ ನಾಲ್ಕೂವರೆ. ಹಿಂದಿನಿಂದ ಶಿವಯೋಗೆಪ್ಪ ಕಿವಿಯಲ್ಲಿ ಪಿಸುಗುಟ್ಟಿದ. “ಗಾಡಿನ ಹೊಗಳೋ. ನನ್ನ ಡ್ಯೂಟಿ ಬಸ್ ಹಂಗ ಇತ್ತು. ಚಲೋ ಓಡಾಕತ್ತೈತಿ ಅಂದ್ರ ಸಾಕು, ಅಲ್ಲೇ ಕೂಡ್ತಿತ್ತು.”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸಂಗನಬಸವ ಬಾಯಿ ತುಂಬ ಹೊಗಳತೊಡಗಿದ. “ಎಂಥಾ ಗಾಡಿರಿ! ಬಂಗಾರದಂಥಾ ಗಾಡಿ! ಒಂದ ದಿನಾ ತ್ರಾಸ ಕೊಟ್ಟಿಲ್ಲ!”

ರಾಹುಲನ ಮುಖ ಅರಳಿತು. ಬ್ಯಾಗಿನಿಂದ ‘ಗ್ರಾಹಕ ತೃಪ್ತಿ ಪತ್ರ’ ತೆಗೆದು, ‘ಪೂರ್ಣ ತೃಪ್ತಿ’ ಎಂಬಲ್ಲಿ ಗುರುತು ಹಾಕಿ, “ನೀವ ಅಂದ್ರಿ ನೋಡ್ರಿ. ಇಲ್ಲೊಂದ ಸಹಿ ಮಾಡ್ರಿ” ಎಂದು ಮುಂದೆ ಹಿಡಿದ.

ಸಹಿ ಮಾಡದ ಸಂಗನಬಸವನಿಗೆ ಅಳುವುದೊಂದು ಬಾಕಿ. ಹದಿನೈದು ಇಪ್ಪತ್ತು ಕಿಲೋಮೀಟರು ಸುಮ್ಮನೆ ಅತ್ತಿಂದಿತ್ತ ತಿರುಗಿಸಿ, ಕಡೆಗೆ ಒಂದು ದ್ರಾಕ್ಷಿ ತೋಟದ ಬದಿಗೆ ಕಾರು ನಿಲ್ಲಿಸಿ ಸಂಗನಬಸವ ಕೈಮುಗಿದ. “ಸರ್, ಬಾನೆಟ್ಟ ತಗದರ ನೋಡ್ರಿ. ಏನರ ಒಂದ ದೋಷ ಕಣ್ಣಿಗೆ ಬಿದ್ದ ಬೀಳ್ತದ.”

“ಬ್ಯಾಡ್ರಿ, ಎಲ್ಲಾ ಸರಿ ಐತಿ.”

“ನನ್ನ ಆಣಿ ಐತಿ, ನೋಡ್ರಿ!”

ರಾಹುಲ ಬಾನೆಟ್ ಎತ್ತಿದ. ಬಗ್ಗಿ ನೋಡಿದ. ಒಳಗೆ ಅಂಗೈಯಗಲದ ಹಳೆಯ ಸ್ವಿಚ್ಚೊಂದು ಎರಡು ದಪ್ಪ ವಾಯರುಗಳ ನಡುವೆ ಕೂತಿತ್ತು. ಅದು ಅಲುಗಾಡದಂತೆ ದ್ರಾಕ್ಷಿ ಬಳ್ಳಿ ಕಟ್ಟುವ ಸುತಳಿಯಿಂದ ಬಿಗಿದು ಮೂರು ಗಂಟು ಹಾಕಲಾಗಿತ್ತು.

“ಇದು ನಮ್ಮ ಕಂಪನಿ ಪಾರ್ಟ ಅಲ್ಲರಿ” ಎಂದ ರಾಹುಲ.

ಸಂಗನಬಸವ ತಕ್ಷಣ ಮನೆಗೆ ಫೋನು ಹಚ್ಚಿದ. “ಯವ್ವಾ, ನನ್ನ ಗಾಡಿ ಯಾರ ಮುಟ್ಟ್ಯಾರ?”

ಮುರಿಗೆವ್ವನ ಧ್ವನಿ ಪಕ್ಕದವರಿಗೂ ಕೇಳುವಂಥದ್ದು. “ಚಲೋ ಓಡಾಕತ್ತೈತಿಲ್ಲೋ? ನಿನ್ನಿ ನೀ ಹೊರಗ ಹೋದಾಗ ಟ್ರ್ಯಾಕ್ಟರ್ ಮೆಕ್ಯಾನಿಕ್ ನದೀಮನ್ನ ಕರಿಸಿದ್ದೆ. ಅರ್ಧಾ ತಾಸಿನ್ಯಾಗ ರೋಗ ಹಿಡದ ನೋಡು! ಜೀವ ಇರೂತನಾ ಗ್ಯಾರಂಟಿ ಅಂದಾನ. ಮಂದಿ ನಿನ್ನ ನೋಡಿ ನಗೂದು ನನಗ ನೋಡಾಕ ಆಗ್ತಿದ್ದಿಲ್ಲಪ್ಪಾ.”

ತಾಯಿಯ ಕರುಳಿಗೆ ಏನೆಂದು ಬೈಯುವುದು? ಸಂಗನಬಸವ ಫೋನು ಇಟ್ಟ.

“ಹೊರಗಿನವರ ಕೈ ಬಿದ್ರ ವಾರಂಟಿ ಕಟ್ ರಿ” ಎಂದ ರಾಹುಲ, ಫೋಟೋ ಹೊಡೆದುಕೊಂಡ. “ಈ ಪಾರ್ಟ ಒಳಗ ಬಿಡಂಗಿಲ್ಲ, ಅದೂ ರೂಲ್ ಐತಿ.” ಸುತಳಿ ಕತ್ತರಿಸಿ ಸ್ವಿಚ್ ಕಿತ್ತು ಸಂಗನಬಸವನ ಕೈಯಲ್ಲಿಟ್ಟ. ಹಳೆಯ ವಾಯರುಗಳನ್ನು ಕಂಪನಿಯ ಪ್ರಕಾರ ಜೋಡಿಸಿದ. “ಈಗ ಚಾಲೂ ಮಾಡ್ರಿ.”

ಕಾರು ಚಾಲೂ ಆಗಲಿಲ್ಲ. ಎಷ್ಟು ಕೀಲಿ ತಿರುವಿದರೂ ಟಕ್ ಎನ್ನಲಿಲ್ಲ.

“ಬಂದ್ ಬಿತ್ತು! ನಿಮ್ಮ ಕಣ್ಮುಂದ ಬಿತ್ತು! ಇನ್ನೂ ಆರ ಆಗಿಲ್ಲ!” ಸಂಗನಬಸವ ರಸ್ತೆಯಲ್ಲೇ ಕುಣಿದ.

“ಬಿತ್ತರಿ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನಿಮ್ಮ ವಾರಂಟಿ ಹತ್ತ ನಿಮಿಷದ ಹಿಂದ ಹೋತು” ಎಂದು ರಾಹುಲ ವಿಜಯಪುರದ ಬಸ್ಸಿಗೆ ಕೈಮಾಡಿ ಹತ್ತಿ ಹೋಗಿಯೇಬಿಟ್ಟ.

ಶಿವಯೋಗೆಪ್ಪ ಸಮಾಧಾನ ಹೇಳಿದ. “ಹೋಗ್ಲಿ ಬಿಡೋ. ನದೀಮ ಅದಾನಲ್ಲ. ಅವನ ಗ್ಯಾರಂಟಿ ಜೀವ ಇರೂತನಾ.”

ಹೌದಲ್ಲ! ಸಂಗನಬಸವನಿಗೆ ಹೋದ ಜೀವ ಬಂದಂತಾಯಿತು. ಫೋನು ಮಾಡಿದ ಅರ್ಧ ತಾಸಿಗೆ ನದೀಮ ಮೋಟರ್‌ಸೈಕಲ್ ಮೇಲೆ ಬಂದ. ಕಾರಿನೊಳಗೆ ಬಗ್ಗಿ ನೋಡಿದ. ಕತ್ತರಿಸಿದ ಸುತಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಈ ಗಂಟ ಯಾರ ಬಿಚ್ಯಾರ್ರಿ ಸಂಗಣ್ಣ?”

“ಕಂಪನಿಯವರಪ್ಪಾ. ಅದನ್ನ ಬಿಡು, ನೀ ಮತ್ತ ಹಚ್ಚಿಬಿಡು.”

ನದೀಮ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದ. ಕೈ ಒರೆಸಿಕೊಂಡು ಮೋಟರ್‌ಸೈಕಲ್ ಏರಿದ.

“ಹೊರಗಿನವರ ಕೈ ಬಿದ್ದ ಗಾಡಿ ನಾ ಮುಟ್ಟಂಗಿಲ್ಲರಿ. ನನ್ನ ಗ್ಯಾರಂಟಿ ಅಲ್ಲಿಗೇ ಮುಗೀತು.”