ಬದನೆಕಾಯಿಯ ಮೇಲೆ ಬಂದ ಅಪವಾದ

ನನ್ನಲ್ಲಿ ಒಂದು ಕೆಟ್ಟ ಗುಣವಿದೆ. ಡಾಕ್ಟರ ಹತ್ತಿರ ಹೋಗುವ ಮೊದಲೇ ರೋಗ ಯಾವುದು, ಅದಕ್ಕೆ ಕಾರಣ ಯಾರು ಎಂದು ತೀರ್ಮಾನ ಮಾಡಿಬಿಡುತ್ತೇನೆ. ಮಹಾರಾಷ್ಟ್ರದ ಗಡಿಯ ಗಡಹಿಂಗ್ಲಜದಲ್ಲಿ ಇಪ್ಪತ್ತೈದು ವರ್ಷ ಬಟ್ಟೆ ಅಂಗಡಿ ನಡೆಸಿದವನು ನಾನು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಇವರಿಗೆ ಇಳಕಲ್ ಸೀರೆ ಬೇಕೋ ಬರೀ ಟಾವೆಲ್ಲು ಬೇಕೋ ಹೇಳಬಲ್ಲೆ, ಹತ್ತಕ್ಕೆ ಎಂಟು ಸಲ ಸರಿಯಾಗುತ್ತದೆ. ಅದೇ ಧೈರ್ಯವನ್ನು ಸ್ವಂತ ಮೈಮೇಲಿನ ಗಂಧೆಗಳ ವಿಷಯದಲ್ಲೂ ತೋರಿಸಲು ಹೋದೆ.

ಮೂರು ವರ್ಷದ ಹಿಂದಿನ ಮಾತು. ಸಂತೆಯ ದಿನ ನಮ್ಮ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಸೀರೆ ಬಿಚ್ಚು, ಮಡಿಸು, ಮತ್ತೆ ಬಿಚ್ಚು. ಸಂಜೆಗೆ ತಲೆ ಸಿಡಿಯಲು ಹತ್ತುತ್ತಿತ್ತು. ಆಗ ಪಕ್ಕದ ಔಷಧಿ ಅಂಗಡಿಯಿಂದ ಒಂದು ನೋವಿನ ಗುಳಿಗೆ ತಂದು ನುಂಗಿ ಮನೆಗೆ ಹೋಗುತ್ತಿದ್ದೆ. ಮನೆಯಲ್ಲಿ ನನ್ನ ಹೆಂಡತಿ ಶಾಂತಾ, ಅದೇ ದಿನ ಸಂತೆಯಿಂದ ತಂದ ಎಳೆ ಬದನೆಕಾಯಿಗೆ ಶೇಂಗಾ, ಗುರೆಳ್ಳು ತುಂಬಿ ಎಣ್ಣೆಗಾಯಿ ಮಾಡಿರುತ್ತಿದ್ದಳು. ಅವಳ ಎಣ್ಣೆಗಾಯಿಗೆ ನಮ್ಮ ಬಳಗದಲ್ಲೆಲ್ಲ ಹೆಸರಿತ್ತು. ಒಂದು ಸಂತೆಯ ರಾತ್ರಿ ಉಂಡು ಕೈ ತೊಳೆಯುವಷ್ಟರಲ್ಲಿ ಮೈತುಂಬ ತುರಿಸುವ ಕೆಂಪು ಗಂಧೆಗಳೆದ್ದವು. ಮುಂದಿನ ಸಂತೆಗೂ ಅದೇ, ಅದರ ಮುಂದಿನದಕ್ಕೂ ಅದೇ.

ನಮ್ಮ ಕಡೆ ಇದಕ್ಕೆ ಪಿತ್ತ ಎದ್ದಿತು ಎನ್ನುತ್ತಾರೆ. ಅಮಸೂಲ, ಅಂದರೆ ಒಣಗಿಸಿದ ಪುನರ್ಪುಳಿ ಸಿಪ್ಪೆ, ನೆನೆಸಿದ ನೀರನ್ನು ಮೈಗೆ ಬಳಿದು, ಕಂಬಳಿ ಹೊದಿಸಿ ಕೂಡಿಸುತ್ತಾರೆ. ಪಿತ್ತ ಎದ್ದರೆ ತಪ್ಪು ತಾಟಿನಲ್ಲಿದ್ದದ್ದರದೇ. ಗುಳಿಗೆ ಏನು ನುಂಗಿದೆ ಎಂದು ಯಾರೂ ಕೇಳುವುದಿಲ್ಲ. ಗುಳಿಗೆ ಎಂದರೆ ಔಷಧ, ಅದರ ಮೇಲೆ ಸಂಶಯಪಡುವುದು ಪಾಪ. ಕಂಬಳಿಯೊಳಗೆ ಕೂತು ನಾನು ವಿಚಾರಣೆ ನಡೆಸಿದೆ. ಶೇಂಗಾ ದಿನಾ ತಿನ್ನುತ್ತೇನೆ, ಗುರೆಳ್ಳೂ ದಿನಾ ತಿನ್ನುತ್ತೇನೆ, ಉಳಿದದ್ದು ಬದನೆಕಾಯಿ. ಶಿಕ್ಷೆ ಅಂದೇ ಜಾರಿಯಾಯಿತು. ಬಳಗದವರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ, ಶಾಂತಾಳ ಎಣ್ಣೆಗಾಯಿ ತಿಂದು ನಾನು ಸಾಯುವುದರಲ್ಲಿದ್ದೆ ಎಂದು ಹೇಳಿದೆ. ಹೇಳುತ್ತ ಹೇಳುತ್ತ ಗಂಧೆಗಳೂ ದೊಡ್ಡವಾದವು. ಶಾಂತಾ ಬದನೆಕಾಯಿ ಮನೆಗೆ ತರುವುದನ್ನೇ ಬಿಟ್ಟಳು, ಯಾರು ಕೇಳಿದರೂ ಎಣ್ಣೆಗಾಯಿ ಮಾಡಿಕೊಡಲಿಲ್ಲ.

ಅದೇ ತಿಂಗಳು ನನಗೆ ಕನ್ನಡಕ ಬಂತು. ತಲೆನೋವು ಹೋಯಿತು, ಅದರ ಜೊತೆಗೆ ಗುಳಿಗೆಯೂ ನಿಂತಿತು, ಪಿತ್ತವೂ ನಿಂತಿತು. ಕೀರ್ತಿಯೆಲ್ಲ ನನ್ನ ಬುದ್ಧಿಗೆ ಸಂದಿತು.

ಕಳೆದ ತಿಂಗಳು ಇಚಲಕರಂಜಿಗೆ ಹೋಗಿದ್ದೆವು. ಅಲ್ಲಿ ಶಾಂತಾಳ ತಮ್ಮ ಬಸು ನಾಲ್ಕು ಮಗ್ಗ ಹಾಕಿಕೊಂಡಿದ್ದಾನೆ. ಮಧ್ಯಾಹ್ನ ಊಟಕ್ಕೆ ಮೊದಲು ನನ್ನ ದವಡೆಹಲ್ಲು ತಕರಾರು ತೆಗೆಯಿತು. ತಲೆನೋವಿಗೆ ನುಂಗುತ್ತಿದ್ದ ಗುಳಿಗೆಯ ಹೆಸರು ಬಾಯಿಪಾಠವಿತ್ತಲ್ಲ, ಅದನ್ನೇ ಬಸುವಿನಿಂದ ತರಿಸಿ ನುಂಗಿದೆ. ಉಂಡು ಏಳುವಷ್ಟರಲ್ಲಿ ಅಂಗೈ ತುರಿಸಿತು, ಕಿವಿ ಬಿಸಿಯಾದವು, ತುಟಿ ದಪ್ಪಗಾದವು. ಅತ್ತೆಯವರು ರೂಢಿಯಂತೆ ಅಮಸೂಲದ ನೀರು, ಕಂಬಳಿ ಹಿಡಿದುಕೊಂಡು ಬಂದರು. ನಾನು ಬೇಡ ಎನ್ನಲು ಹೋದರೆ ದನಿಯೇ ಬೇರೆಯಾಗಿತ್ತು, ಉಸಿರು ಸಿಳ್ಳೆ ಹಾಕುತ್ತಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಜೀವದ ಹೆದರಿಕೆ ಹತ್ತಿತು. ಶಾಂತಾ ಕಂಬಳಿ ಕಿತ್ತು ಬಿಸಾಕಿ, ಗಾಡಿ ತೆಗೆ ಎಂದು ತಮ್ಮನಿಗೆ ಹೇಳಿದಳು.

ಆಸ್ಪತ್ರೆಯಲ್ಲಿ ಬಾಗಿಲಲ್ಲೇ ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಎದೆ ಹಗುರಾಯಿತು. ಡಾಕ್ಟರಮ್ಮ ಮಾತಾಡುತ್ತಿದ್ದದ್ದು ಮರಾಠಿ, ಆದರೆ ಕನ್ನಡ ತಿಳಿಯುತ್ತಿತ್ತು. ಏನು ತಿಂದಿರಿ ಎಂದು ಕೇಳಿದರು. ಬಾತ ತುಟಿಯಲ್ಲೇ ನಾನು ಮೂರು ವರ್ಷದ ಹಿಂದಿನ ಸಂತೆಗಳಿಂದ ಹಿಡಿದು ಬದನೆಕಾಯಿಯ ಪುರಾಣ ಶುರುಮಾಡಿದೆ.

ಶಾಂತಾ ನಡುವೆಯೇ ತಡೆದಳು. “ಇವತ್ತ ಇವರ ತಾಟಿನ್ಯಾಗ ಬದನಿಕಾಯಿ ಇರಲೇ ಇಲ್ರಿ. ಮಡಕಿಕಾಳ ಪಲ್ಯಾ, ರೊಟ್ಟಿ, ಮ್ಯಾಲ ಒಂದ ಗುಳಿಗಿ. ಅಷ್ಟ.”

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಮೂರು ವರ್ಷದ ಹಿಂದೆ ಆ ಸಂತೆಗಳ ದಿನವೂ ಇದೇ ಗುಳಿಗೆ ನುಂಗಿದ್ದಿರಾ ಎಂದರು. ಬಸು ನೋಡುತ್ತಿದ್ದ, ಶಾಂತಾ ನೋಡುತ್ತಿದ್ದಳು, ನರ್ಸು ಕೂಡ ಕೈಯಲ್ಲಿನ ಕೆಲಸ ನಿಲ್ಲಿಸಿ ನೋಡಿದಳು. ನಾನು ಮೆಲ್ಲಗೆ ಹೌದ್ರಿ ಎಂದೆ.

ಅವರು ತಿಳಿಸಿ ಹೇಳಿದರು. ಗುಳಿಗೆ ನುಂಗಿ ಹೊಟ್ಟೆ ತೊಳಸಿದರೆ, ಎದೆ ಉರಿದರೆ ಅದು ಔಷಧದ ಅಡ್ಡ ಪರಿಣಾಮ, ಯಾರಿಗಾದರೂ ಆಗಬಹುದು. ಇದು ಹಾಗಲ್ಲ, ನಿಮ್ಮ ಮೈಯೇ ಆ ಔಷಧವನ್ನು ವೈರಿ ಎಂದು ತಿಳಿದು ಅದರ ಮೇಲೆ ಏರಿಹೋಗುತ್ತದೆ. ಎಷ್ಟೋ ಸಲ ಸುಮ್ಮನಿದ್ದು ಒಂದು ದಿನ ಶುರುವಾಗಬಹುದು. ಇವತ್ತು ಗಂಧೆ ಎದ್ದಿತೆಂದು ನಾಳೆಯೂ ಗಂಧೆಯಲ್ಲೇ ನಿಲ್ಲುತ್ತದೆ ಎಂಬ ಭರವಸೆ ಇಲ್ಲ. ಈ ಗುಳಿಗೆಯನ್ನಾಗಲಿ, ಇದೇ ಜಾತಿಯ ಬೇರೆ ನೋವಿನ ಗುಳಿಗೆಯನ್ನಾಗಲಿ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಹೆಸರು ಬರೆದುಕೊಡುತ್ತೇನೆ, ಯಾವ ಡಾಕ್ಟರ ಹತ್ತಿರ ಹೋದರೂ, ಔಷಧಿ ಅಂಗಡಿಗೆ ಹೋದರೂ ಮೊದಲು ಈ ಚೀಟಿ ತೋರಿಸಿ. ಬದನೆಕಾಯಿಯ ತಪ್ಪು ನನಗೇನೂ ಕಾಣುವುದಿಲ್ಲ.

ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮೂರ ವರ್ಷ ನನ್ನ ಕೈಯಾರೆ ಇವರನ್ನ ಕೊಲ್ಲಾಕ ಹೊಂಟಿದ್ದೆ ಅಂತ ಅಂಜಿಕೊಂಡ ಕುಂತೇನ್ರಿ. ಆ ಬದನಿಕಾಯಿದ್ದು ತಪ್ಪಿಲ್ಲಂತನೂ ಚೀಟ್ಯಾಗ ಬರದ ಕೊಡ್ರಿ.”

ಡಾಕ್ಟರಮ್ಮ ನಕ್ಕರು, ಆದರೆ ಬರೆದುಕೊಟ್ಟರು.

ಅವತ್ತು ರಾತ್ರಿಯವರೆಗೂ ನನ್ನ ಮೇಲೆ ಕಣ್ಣಿಡಬೇಕೆಂದು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಅಷ್ಟರಲ್ಲಿ ಚೀಟಿಯ ಫೋಟೋ ಬಳಗದ ವಾಟ್ಸಾಪ್ ಗುಂಪಿಗೆ ಹೋಗಿಯಾಗಿತ್ತು. ಶಾಂತಾಳಿಗೆ ಒಂದಾದ ಮೇಲೊಂದು ಫೋನು. ಕಾಗಲದ ಚಿಕ್ಕಮ್ಮ ಎಣ್ಣೆಗಾಯಿ ಯಾವಾಗ ಎಂದು ಕೇಳಿದರು. ಶಾಂತಾಳ ಅಕ್ಕ ಭಾಳ ಚಲೋ ಆತು ಎಂದಳು. ಮಂಚದ ಮೇಲೆ ಒಬ್ಬ ಮನುಷ್ಯ ಮಲಗಿದ್ದಾನೆ ಎಂಬುದು ಯಾರ ನೆನಪಿನಲ್ಲೂ ಇದ್ದಂತೆ ಕಾಣಲಿಲ್ಲ. ಕೊನೆಗೆ ಕೊಲ್ಲಾಪುರದಿಂದ ನನ್ನ ಅಕ್ಕ ಫೋನ್ ಮಾಡಿ, ತಮ್ಮನ ಕೈಯಲ್ಲಿ ಕೊಡು ಎಂದಳು. ಒಡಹುಟ್ಟಿದವಳು ಒಬ್ಬಳಾದರೂ ಇದ್ದಾಳಲ್ಲ ಎಂದು ನನ್ನ ಕಣ್ಣು ತುಂಬಿ ಬಂತು.

“ತಮ್ಮಾ, ತಪ್ಪಾತು ಅಂತ ಶಾಂತಾಗ ಅಂದಿಯಿಲ್ಲೋ?” ಎಂದಳು ಅಕ್ಕ.

ಶಾಂತಾ ಮಂಚದ ಪಕ್ಕದಲ್ಲೇ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ತುಟಿ ಇನ್ನೂ ಬಾತಿದೆ, ಒಂದು ಮಾತೂ ಆಡಲು ಬರುತ್ತಿಲ್ಲ ಎಂದು ನಾನು ಅಕ್ಕನಿಗೆ ಬಹಳ ಸ್ಪಷ್ಟವಾಗಿ ಹೇಳಿದೆ.