ಗುಳ್ಳೆ ನಿಲ್ಲೋತನಕ

ಊರಿಗೆಲ್ಲ ನೀರು ಹೊರುವ ಗಾಡಿಗೇ ಬಾಯಾರಿದರೆ ಯಾರನ್ನು ದೂರೋಣ ಹೇಳಿ. ಏರು ರಸ್ತೆಯ ಅರ್ಧಕ್ಕೆ ಬಂದ ನೀರಿನ ಟ್ಯಾಂಕರು ಮೂತಿಯಿಂದ ಬುಸ್ಸೆಂದು ಹಬೆ ಬಿಟ್ಟು ನಿಂತೇಬಿಟ್ಟಿತು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿ, ಮುಂದೆ ಹೋಗಲು ಜಾಗವಿಲ್ಲದೆ ಅಲ್ಲೇ ನಡುಗುತ್ತಿತ್ತು.

ಡ್ರೈವರನ್ನು ಎಲ್ಲರೂ ಕರೆಯುವುದೇ ಗಡಿಬಿಡಿ ಅಂತ. ಯಾವಾಗಲೂ ಅವಸರ, ಆದರೆ ಒಂದು ದಿನವೂ ಹೊತ್ತಿಗೆ ಸರಿಯಾಗಿ ಮುಟ್ಟಿದವನಲ್ಲ. ಏರಿನ ತುದಿಯ ಹಾಸ್ಟೆಲಿಗೆ ಹನ್ನೊಂದರೊಳಗೆ ನೀರು ಹೋಗಬೇಕು. ಕಳೆದ ವಾರ ಎರಡು ಸಲ ತಡವಾಗಿತ್ತು. ಮೂರನೇ ಸಲವೂ ತಡವಾದರೆ ಗಾಡಿ ತನ್ನ ಭಾಮೈದನ ಕೈಗೆ ಅಂತ ಯಜಮಾನ ಖಡಾಖಂಡಿತ ಹೇಳಿದ್ದ. ಆ ಭಾಮೈದನೋ, ಇವತ್ತು ಬೆಳಗ್ಗೆಯೇ ಬಂದು ಸೀಟಿನಲ್ಲಿ ಕೂತು ತನ್ನ ಕಾಲಿಗೆ ಬ್ರೇಕು ಎಟಕುತ್ತದೋ ಇಲ್ಲವೋ ನೋಡಿಕೊಂಡು ಹೋಗಿದ್ದ. ಈಗ ಗಂಟೆ ಹತ್ತು. ಗಡಿಬಿಡಿ ಗಾಡಿಯಿಂದ ಕೆಳಗೆ ಹಾರಿದ.

ಬಾನೆಟ್ ಎತ್ತಿ, ಟವೆಲ್ ಸುತ್ತಿ, ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಕುದಿಯುವ ಗಾಡಿಯ ಮುಚ್ಚಳಕ್ಕೆ ಕೈ ಹಾಕಬಾರದೆಂದು ಎಂಥವರಿಗೂ ಗೊತ್ತು. ಇವನಿಗೂ ಗೊತ್ತಿತ್ತು, ಅವಸರ ಕೇಳಬೇಕಲ್ಲ! ಬಿಸಿನೀರು ಆಳೆತ್ತರ ಚಿಮ್ಮಿತು. ಇವನು ಹಿಂದಕ್ಕೆ ಹಾರಿ ಬಚಾವಾದ, ಟವೆಲ್ ಮಾತ್ರ ಎದುರು ಮನೆಯ ಕಿಟಕಿಗೆ ಹೋಗಿ ನೇತಾಡಿತು.

ಇಡೀ ಬೀದಿ ಹೊರಗೆ ಬಂತು. ಮೊದಲು ಬಂದ ಅಜ್ಜಿ ಗಾಡಿಯ ಮೂತಿ ನೋಡಲೇ ಇಲ್ಲ, ನೇರ ಹಿಂದಿನ ವಾಲ್ವ್ ನೋಡಿದಳು. ನಲ್ಲಿಯಲ್ಲಿ ನೀರು ಬಂದು ಮೂರು ದಿನವಾಯಿತು, ಒಂದು ಬಿಂದಿಗೆ ಬಿಡು ಮಗನೇ ಅಂದಳು. ಹಾಸ್ಟೆಲ್ ನೀರು, ಒಂದು ಹನಿಯೂ ಕೊಡುವ ಹಾಗಿಲ್ಲ ಅಂತ ಗಡಿಬಿಡಿ ಗದರಿದ. ಅಜ್ಜಿ ಬೇಜಾರು ಮಾಡಿಕೊಳ್ಳದೆ ಹೋಗಿ, ಪಕ್ಕದ ಅಂಗಡಿಯ ಟೈಲರನ್ನು ಕರೆದುಕೊಂಡು ಬಂದಳು.

ಕತ್ತಿನಲ್ಲಿ ಅಳತೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ಹೊಲಿಗೆ ಯಂತ್ರವೂ ಯಂತ್ರವೇ, ಇದೂ ಯಂತ್ರವೇ ಅನ್ನುತ್ತ ಟೈಲರ್ ಬಗ್ಗಿದ. ಇವನ ತಲೆ ಅಂತ ಗಡಿಬಿಡಿ ಮನಸ್ಸಿನಲ್ಲೇ ಬೈದುಕೊಂಡ. ಆದರೆ ಟೈಲರ್ ರೇಡಿಯೇಟರಿನ ಎರಡು ಪೈಪನ್ನೂ ಮೆಲ್ಲಗೆ ಮುಟ್ಟಿ ನೋಡಿ ಹೇಳಿದ ಮಾತು ಕೇಳಿ ಇವನೂ ಪಕ್ಕಕ್ಕೆ ಬಂದು ಬಗ್ಗಿದ.

"ಮೇಲಿನ ಪೈಪು ಸುಡ್ತಿದೆ, ಕೆಳಗಿನದು ತಣ್ಣಗಿದೆ. ನೀರು ಓಡ್ತಾನೇ ಇಲ್ಲಣ್ಣ. ಒಳಗೆ ಗಾಳಿ ಸಿಕ್ಕಾಕೊಂಡಿದೆ. ಇಂಜಿನ್ ಆರಲಿ, ಆಮೇಲೆ ಚಾಲೂ ಮಾಡಿ ನೀರು ಹಾಕ್ತಾ ಹೋಗೋಣ. ಗುಳ್ಳೆ ನಿಲ್ಲೋತನಕ ನೀನು ರೇಡಿಯೇಟರ್ ಬಾಯಿಂದ ಕಣ್ಣು ತೆಗೀಬೇಡ."

ಹತ್ತು ನಿಮಿಷ ಬಿಟ್ಟು ಕೆಲಸ ಶುರುವಾಯಿತು. ನಿವೃತ್ತ ಮೇಷ್ಟ್ರೊಬ್ಬರು ಡ್ರೈವರ್ ಸೀಟು ಹತ್ತಿ ಆಕ್ಸಿಲರೇಟರ್ ಒತ್ತಿ ಹಿಡಿದರು. ಟ್ಯಾಂಕರಿನ ಆರ್ಭಟಕ್ಕೆ ಪಕ್ಕದವರ ಮಾತೂ ಕೇಳಿಸದಂತಾಯಿತು. ಗಡಿಬಿಡಿ ಬಾನೆಟ್ಟಿನೊಳಗೆ ತಲೆ ತೂರಿಸಿ ಗುಳ್ಳೆ ನೋಡುತ್ತ ನಿಂತ. ಒಂದು ಗುಳ್ಳೆ ಬಂತು. ಆಮೇಲೆ ಎರಡು. ರೇಡಿಯೇಟರಿಗೆ ನೀರು ತರಲು ಅವನು ಹೊರಟರೆ ಅಜ್ಜಿ ತಡೆದಳು. ನೀನು ಅಲ್ಲಾಡಬೇಡ, ನಾನಿಲ್ಲವಾ ಅಂದಳು. ಬಿಂದಿಗೆ ಬಿಂದಿಗೆ ನೀರು ತಂದು ಸುರಿದಳು. ಮೂರು ದಿನದಿಂದ ನಲ್ಲಿ ನೀರು ಕಾಣದ ಮುದುಕಿ ತನಗೆ ನೀರು ತರುತ್ತಿದ್ದಾಳಲ್ಲ ಅಂತ ಗಡಿಬಿಡಿಯ ಕಣ್ಣು ಒದ್ದೆಯಾಯಿತು. ಮೊದಲು ಗದರಿದ್ದಕ್ಕೆ ಈಗ ನಾಚಿಕೆಯೂ ಆಯಿತು.

ಬೆನ್ನ ಹಿಂದೆ ಜನ ಓಡಾಡುವುದು, ಏನೋ ಎಳೆಯುವುದು ಗೊತ್ತಾಗುತ್ತಿತ್ತು. ತಿರುಗಲು ಹೋದರೆ ಟೈಲರ್ ಅವನ ಕತ್ತು ಹಿಡಿದು ಮತ್ತೆ ಬಾನೆಟ್ಟಿನೊಳಕ್ಕೆ ಬಗ್ಗಿಸುತ್ತಿದ್ದ. ಒಂದು ಗುಳ್ಳೆ ತಪ್ಪಿದರೂ ಮೊದಲಿಂದ ಮಾಡಬೇಕಾಗುತ್ತೆ ಅಂತ ಹೆದರಿಸುತ್ತಿದ್ದ.

ಹತ್ತು ಮುಕ್ಕಾಲಿಗೆ ಟೈಲರ್ ಗಾಡಿಯ ಹಿಂದಕ್ಕೆ ಒಮ್ಮೆ ಕತ್ತು ಚಾಚಿ ನೋಡಿದ. ಆಯ್ತು, ಗುಳ್ಳೆ ನಿಂತಿತು ಅಂದ. ಗಡಿಬಿಡಿಗೆ ಇನ್ನೂ ಒಂದೆರಡು ಕಂಡಂತಾಯಿತು, ಆದರೆ ವಾದ ಮಾಡಲು ಹೊತ್ತೆಲ್ಲಿತ್ತು. ಅಜ್ಜಿಯ ಕಾಲಿಗೆ ಬಿದ್ದು, ಟೈಲರನ್ನು ತಬ್ಬಿಕೊಂಡು, ಗಾಡಿ ಹತ್ತಿದ.

ಏನು ಓಟ ಅಂತೀರಿ! ದಿನಾ ಏದುಸಿರು ಬಿಡುತ್ತ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಇವತ್ತು ಮೂರನೇ ಗೇರಿನಲ್ಲೇ ಹೊರಟಿತು. ಬಿಸಿ ಮುಳ್ಳು ನಡುವಿನಿಂದ ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಗ್ಯಾರೇಜಿನವರು ಮೂರು ತಿಂಗಳಿಂದ ಕಂಡುಹಿಡಿಯಲಾರದ ಕಾಯಿಲೆಯನ್ನು ಒಬ್ಬ ಟೈಲರ್ ವಾಸಿ ಮಾಡಿದನಲ್ಲ ಅಂತ ಗಡಿಬಿಡಿ ದಾರಿಯುದ್ದಕ್ಕೂ ಅವನನ್ನು ಹೊಗಳಿದ. ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿರುವಾಗ ಹಾಸ್ಟೆಲಿನ ಗೇಟು ದಾಟಿದ.

ವಾರ್ಡನ್ನಮ್ಮ ಗಡಿಯಾರ ನೋಡಿ ಹುಬ್ಬೇರಿಸಿದರು. ಗಡಿಬಿಡಿ ಎದೆಯುಬ್ಬಿಸಿ ಪೈಪು ಜೋಡಿಸಿ ವಾಲ್ವ್ ತಿರುಗಿಸಿದ. ಪೈಪು ಒಂದು ಸಲ ತೇಗಿ, ಒಂದು ಲೋಟದಷ್ಟು ನೀರು ಕಕ್ಕಿ ಸುಮ್ಮನಾಯಿತು. ವಾರ್ಡನ್ನಮ್ಮ ಬಂದು ಟ್ಯಾಂಕಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರು. ಢಣ್ಣೆಂದಿತು.

"ಏರಿನಲ್ಲಿ ಗಾಡಿ ಬಿಸಿಯಾಗಲಿಲ್ವಾ?" ಅಂತ ಕೇಳಿದರು.

"ಒಂಚೂರೂ ಇಲ್ಲಮ್ಮ. ರಿಪೇರಿ ಮಾಡಿಸ್ದೆ."

"ಖಾಲಿ ಡಬ್ಬ ಎಳೆಯೋಕೆ ಅದ್ಯಾಕಪ್ಪ ಬಿಸಿಯಾಗುತ್ತೆ?"

ಅಷ್ಟರಲ್ಲಿ ಯಜಮಾನನ ಫೋನು ಬಂತು. ಗಾಡಿ ಹನ್ನೊಂದರೊಳಗೇ ಮುಟ್ಟಿತು ಅಂತ ಕೇಳಿ ಯಜಮಾನನಿಗೆ ಹಿಗ್ಗೋ ಹಿಗ್ಗು. ಭಾಮೈದನಿಗೆ ಬೇರೆ ಕೆಲಸ ನೋಡ್ತೀನಿ, ಇನ್ನು ಮೇಲೆ ಗಾಡಿ ನಿನ್ನದೇ ಅಂದುಬಿಟ್ಟ.

"ಫೋನು ಆ ವಾರ್ಡನ್ನಮ್ಮನಿಗೆ ಕೊಡು ಮಾರಾಯ. ನಿನ್ನ ಬಗ್ಗೆ ಅವರ ಬಾಯಿಂದ ಒಂದು ಒಳ್ಳೇ ಮಾತು ಕೇಳಬೇಕು ನಾನು."

ವಾರ್ಡನ್ನಮ್ಮ ಆಗಲೇ ಕೈ ಚಾಚಿದ್ದರು. ಗಡಿಬಿಡಿ ಫೋನು ಕೊಟ್ಟು, ಭಾಮೈದನಿಗೆ ಒಪ್ಪಿಸಬೇಕಾದ ಬೀಗದಕೈ ತರಲು ಗಾಡಿ ಹತ್ತಿದ.